ಎಡಗಾಲಿನ ರಿಕಾಪು

ವೇಡ್ ಟಿಲ್ಟನ್ನನನ್ನು ಕುದುರೆ ಹತ್ತಿಸಲು ಮೂವರು ಬೇಕಾಯಿತು. ಹತ್ತಿ ಕೂತ ಮೇಲೆ ಮಾತ್ರ ಅವನ ಬೆನ್ನು ತಾನಾಗಿ ನೆಟ್ಟಗಾಯಿತು. ಎಂಬತ್ತಾರರ ಮುದುಕ ಮಾಯವಾಗಿ, ಊರಿನ ಗೋಡೆಗಳ ಮೇಲೆಲ್ಲ ಅಂಟಿಸಿದ್ದ ಹಳೆಯ ಕೌಬಾಯ್ ಸಿನಿಮಾ ಪೋಸ್ಟರಿನ ನಾಯಕ ಅಲ್ಲಿ ಕೂತಿದ್ದ. ಮಗಳು ಲೊರೆಟ್ಟಾ ಮಾತ್ರ ಅವನ ಬಲಗಾಲಿನ ಬೂಟು ಹಿಡಿದೇ ನಿಂತಿದ್ದಳು.

ಕಾರಿನಲ್ಲಿ ಮೆರವಣಿಗೆ ಮಾಡಿ ಎಂದು ಅವಳು ಬೇಡಿಕೊಂಡಿದ್ದಳು. ಅಪ್ಪನೇ ಒಪ್ಪಲಿಲ್ಲ.

“ಕಾರಲ್ಲಿ ಕೂತು ಕೈ ಬೀಸೋಕೆ ನಾನೇನು ಕುಂಬಳಕಾಯಿ ಹಬ್ಬದ ರಾಣೀನಾ?”

“ಬಿದ್ದರೆ ಏನಪ್ಪಾ ಗತಿ?”

“ನಿಮ್ಮಮ್ಮ ಬದುಕಿರೋವರೆಗೂ ಇದನ್ನೇ ಕೇಳಿದಳು. ಈಗ ನಿನ್ನ ಸರದಿ. ಹ್ಯಾಟು ಕೊಡಿಲ್ಲಿ.”

ಅವನ ಚಿತ್ರಗಳಲ್ಲಿ ಮುಕ್ಕಾಲುಪಾಲು ಈ ಊರಿನ ಹಿಂದಿನ ಬಂಡೆಗುಡ್ಡಗಳಲ್ಲೇ ತಯಾರಾಗಿದ್ದವು. ಅದಕ್ಕೇ ಇವತ್ತಿನ ಸನ್ಮಾನ. ಬ್ಯಾಂಡು, ಬಾವುಟ, ಕೆಂಡದ ಮೇಲೆ ಸುಡುವ ಮಾಂಸದ ಹೊಗೆ. ಮುಖ್ಯರಸ್ತೆಯ ಅರ್ಧದಾರಿಯಲ್ಲಿ ಬದಿಗೆ ಕಟ್ಟಿದ್ದ ವೇದಿಕೆಯೆದುರು ಅವನು ತನ್ನ ಹೆಸರಾದ ವಂದನೆ ಮಾಡಬೇಕು. ಪ್ರತಿ ಚಿತ್ರದ ಕೊನೆಯಲ್ಲೂ ಅದಿರುತ್ತಿತ್ತು: ಬಲಗೈಯಿಂದ ಲಗಾಮನ್ನು ಮೇಲಕ್ಕೆತ್ತಿ ಕುದುರೆಯ ಮುಖವನ್ನು ಬಲಕ್ಕೆ ಹೊರಳಿಸಿ, ಎಡಗೈಯಲ್ಲಿ ಹ್ಯಾಟನ್ನು ಎತ್ತಿ ಹಿಡಿಯುವುದು. ಆಮೇಲೆ ಪರದೆ ಕಪ್ಪಾಗುತ್ತಿತ್ತು.

ಮೆರವಣಿಗೆ ಹೊರಟಿತು. ಲೊರೆಟ್ಟಾ ಜನರ ಬೆನ್ನ ಹಿಂದೆ, ಕುದುರೆಯಿಂದ ಕಣ್ಣು ಕೀಳದೆ ನಡೆದಳು. ಕುದುರೆ ಸಾಧುವಾಗಿತ್ತು. ಪಕ್ಕದಲ್ಲೇ ಹುಸಿಗುಂಡು ಹಾರಿಸಿದರೂ ಕಿವಿ ಅಲ್ಲಾಡಿಸಲಿಲ್ಲ. ಅವಳು ಇನ್ನೇನು ಉಸಿರು ಬಿಡಬೇಕು, ಅಷ್ಟರಲ್ಲಿ ಜೀನಿನಿಂದ ಇಳಿಬಿದ್ದು ಅಪ್ಪನ ಎಡಪಾದಕ್ಕೆ ಆಸರೆಯಾಗಿದ್ದ ರಿಕಾಪು ಕಣ್ಣಿಗೆ ಬಿತ್ತು.

ಹತ್ತಿಸುವಾಗ ಅವಳು ಬಲಗಡೆ ನಿಂತು ಅಪ್ಪನ ಬೂಟನ್ನು ರಿಕಾಪಿಗೆ ತೂರಿಸಿದ್ದಳು. ಅದು ಕಬ್ಬಿಣದ್ದು. ಎಡಗಡೆಯದು ಮೆತ್ತನೆಯ ತೊಗಲಿನದು.

ಚಿತ್ರೀಕರಣದ ಧೂಳಿನಲ್ಲೇ ಬೆಳೆದವಳಿಗೆ ಅದರ ಅರ್ಥ ಯಾರೂ ಹೇಳಬೇಕಿರಲಿಲ್ಲ. ಸಿನಿಮಾಕ್ಕಾಗಿ ಕುದುರೆ ಬೇಕೆಂದೇ ಎಡಕ್ಕೆ ಉರುಳಿದಾಗ ಸವಾರನ ಪಾದ ಕಬ್ಬಿಣದಡಿ ನುಜ್ಜಾಗದಿರಲೆಂದು ಹಾಗೆ ಕಟ್ಟುತ್ತಿದ್ದರು. ಸಾಹಸ ದೃಶ್ಯಗಳಲ್ಲಿ ಅಪ್ಪನ ಬದಲಿಗೆ ಬೀಳುತ್ತಿದ್ದ ರಾಯ್ಸ್ ಮಾಮನ ಕುದುರೆಗೂ ಅಂಥದ್ದೇ ಇತ್ತು. ಮಣ್ಣು ಅಗೆದು, ಹುಲ್ಲು ಹಾಸಿ, ಅದರ ಮೇಲೆ ಬೀಳಿಸುತ್ತಿದ್ದರು. ಆದರೂ ರಾಯ್ಸ್ ಮಾಮ ಒಂದು ದಿನ ಬಿದ್ದವನು ಮತ್ತೆ ನಡೆಯಲಿಲ್ಲ. ಇಲ್ಲಿ ಕೆಳಗಿರುವುದು ಟಾರು.

ಕುದುರೆಯ ಒಡತಿ ಕೇಸಿ ಅವಳ ಹಿಂದೆಯೇ ನಡೆದು ಬರುತ್ತಿದ್ದಳು, ಇಪ್ಪತ್ತರ ಹುಡುಗಿ. ಲೊರೆಟ್ಟಾ ಅವಳ ತೋಳು ಹಿಡಿದಳು.

“ಈ ಕುದುರೆ ಸಿನಿಮಾದಲ್ಲಿ ಏನು ಕೆಲಸ ಮಾಡ್ತಿತ್ತು?”

“ಬೀಳೋ ಕೆಲಸ ಮೇಡಂ! ಗುಂಡು ತಾಗಿದ ಹಾಗೆ ಬೀಳೋದ್ರಲ್ಲಿ ಇವನನ್ನ ಮೀರಿಸೋರೇ ಇಲ್ಲ. ಅಷ್ಟು ದೊಡ್ಡ ಸ್ಟಾರ್‌ಗೆ ಮಾಮೂಲಿ ಕುದುರೆ ಕೊಡೋಕಾಗುತ್ತಾ?”

“ಸನ್ನೆ ಏನು?”

“ಲಗಾಮು ಮೇಲೆತ್ತಿ ಮುಖ ಬಲಕ್ಕೆ ಎಳೆದರೆ ಎಡಕ್ಕೆ ಬೀಳ್ತಾನೆ. ಹೆದರಬೇಡಿ, ಬೀದೀಲಿ ಯಾರು ಹಾಗೆ ಎಳೀತಾರೆ?”

“ಅಪ್ಪನ ಒಂದು ಸಿನಿಮಾನಾದ್ರೂ ಕೊನೇವರೆಗೂ ನೋಡಿದ್ದೀಯೇನೇ?”

ಕೇಸಿಯ ಮುಖ ಕೆಂಪೇರಿತು. “ನಮ್ಮಜ್ಜಿ ನೋಡಿದ್ದಾಳೆ.”

ಲೊರೆಟ್ಟಾ ಓಡಿದಳು. ಕೂಗಿದರೆ ಅಪ್ಪನಿಗೆ ಕೇಳದು. ಬ್ಯಾಂಡಿಲ್ಲದಾಗಲೇ ಅವನ ಕಿವಿ ಅಷ್ಟಕ್ಕಷ್ಟೆ. ಯಾರದೋ ಕೈಯಿಂದ ಜೋಳದ ತೆನೆ ಉರುಳಿತು. “ಕಣ್ಣು ಕಾಣಲ್ವೇನಮ್ಮಾ!” ಎಂದು ಯಾರೋ ಬೈದರು. ಮುಂದೆ ಮೈಕಿನಲ್ಲಿ ಮೇಯರ್ ಹೇಳುತ್ತಿದ್ದ: “ನಾವೆಲ್ಲ ಕಾಯ್ತಿದ್ದ ಆ ವಂದನೆ ಈಗ!”

ಜನರನ್ನು ತಡೆಯಲು ಕಟ್ಟಿದ್ದ ಹಗ್ಗದಡಿ ಅವಳು ನುಸುಳುವಾಗ ಅಪ್ಪನ ಬಲಗೈ ಮೇಲೇರುತ್ತಿತ್ತು. ಕುದುರೆಯ ಮುಖ ಹೊರಳಿತು. ಎಡ ಮುಂಗಾಲು ಮಡಚಿಕೊಂಡಿತು, ಹೆಗಲು ಇಳಿಯತೊಡಗಿತು. ಅವಳು ಎಡಗಡೆಯ ಲಗಾಮಿಗೆ ಮೈಭಾರವನ್ನೆಲ್ಲ ಹಾಕಿ ಜೋತುಬಿದ್ದಳು. ಯಾವ ಸನ್ನೆಯನ್ನು ನಂಬಬೇಕೆಂದು ತಿಳಿಯದೆ ಕುದುರೆ ಒಂದು ಮೊಣಕಾಲೂರಿ ತಡೆಯಿತು, ನಡುಗಿತು, ಮತ್ತೆ ಎದ್ದಿತು.

ಜನ ಹುಚ್ಚೆದ್ದು ಚಪ್ಪಾಳೆ ತಟ್ಟಿದರು. ಕುದುರೆಯೂ ಮಂಡಿಯೂರಿ ನಮಸ್ಕರಿಸಿತೆಂದು ಅವರು ತಿಳಿದಿದ್ದರು.

“ಇನ್ನೊಮ್ಮೆ! ಇನ್ನೊಮ್ಮೆ!”

“ಲಗಾಮು ಬಿಡು,” ನಗು ಕೆಡದಂತೆ ಹಲ್ಲಿನ ನಡುವಿನಿಂದಲೇ ಅಪ್ಪ ಬಾಗಿ ಗದರಿದ. “ಎಲ್ಲರೆದುರು ಮಾನ ಕಳೀಬೇಡ.” ಬಲಗೈ ಮತ್ತೆ ಲಗಾಮನ್ನು ಬಿಗಿ ಮಾಡುತ್ತಿತ್ತು.

“ಅಪ್ಪಾ,” ಅವಳು ಅವನ ಕಿವಿಯ ಹತ್ತಿರಕ್ಕೆ ನಿಮಿರಿ ಹೇಳಿದಳು, “ಇದು ರಾಯ್ಸ್ ಮಾಮನ ಕುದುರೆ ಥರದ್ದು. ಬೀಳೋ ಕುದುರೆ.”

ನಗು ಜನರಿಗಾಗಿ ಹಾಗೇ ಉಳಿಯಿತು. ಹ್ಯಾಟಿನ ನೆರಳಲ್ಲಿ ಮುಖ ಮಾತ್ರ ಸುಣ್ಣವಾಯಿತು. ಇಂಥ ಕುದುರೆಯನ್ನು ಅವನು ಜನ್ಮದಲ್ಲಿ ಹತ್ತಿರಲಿಲ್ಲ; ಬೀಳುವ ಹೊತ್ತು ಬಂದಾಗಲೆಲ್ಲ ಅವನ ಅಂಗಿ ತೊಟ್ಟು ರಾಯ್ಸ್ ಹತ್ತುತ್ತಿದ್ದ.

“ಪುಟ್ಟೀ, ಬಿಡಬೇಡ,” ಎಂದ ತುಟಿ ಅಲ್ಲಾಡಿಸದೆ.

ಅವನ ಲಗಾಮು ಸಡಿಲಗೊಂಡು ಕುದುರೆಯ ಕತ್ತಿನ ಮೇಲೆ ಬಿತ್ತು. ಎರಡೂ ಕೈಯಿಂದ ಹ್ಯಾಟನ್ನು ಎದೆಗೊತ್ತಿಕೊಂಡ.  ಜನ ಇನ್ನೂ ಕೂಗುತ್ತಿದ್ದರು. ಲೊರೆಟ್ಟಾ ಕುದುರೆಯ ಮುಖ ಯಾವ ಕಡೆಗೂ ಹೊರಳದಂತೆ ಎರಡೂ ಕೈಯಿಂದ ಹಿಡಿದು, ಒಂದೊಂದೇ ಹೆಜ್ಜೆ ಹಿಂದಕ್ಕಿಡುತ್ತ ಅದನ್ನು ನಡೆಸಿದಳು. ಅಪ್ಪನನ್ನು ಇಳಿಸುವ ಜಾಗ ರಸ್ತೆಯ ಆಚೆ ತುದಿಯಲ್ಲಿತ್ತು.