ಎವುವಾದಿಂದ ಬಂದ ಮದುವೆ ಚಾಪೆ

ಈ ಕತೆ ಹೇಳುವುದಕ್ಕೆ ನನಗಿಂತ ತಿಳಿದವರು ನಮ್ಮ ರಾಜಧಾನಿ ನುಕುಅಲೋಫಾದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಚಾಪೆ ಹೆಣೆಯಲು ಬಾರದವರು ಚಾಪೆಯ ವಿಷಯ ಎತ್ತುವುದೇ ಅಧಿಕಪ್ರಸಂಗ, ಕ್ಷಮಿಸಬೇಕು. ತಪ್ಪಿದ್ದರೆ ಚಾಪೆ ತಂದ ಲೋಸಲೀನಳೇ ತಿದ್ದಲಿ. ತಿದ್ದದೆ ಬಿಡುವವಳೂ ಅವಳಲ್ಲ.

ಒಂದು ಶನಿವಾರ ಲೋಸಲೀನ ತನ್ನ ತಮ್ಮನ ಮಗಳು ಸುಲಿಯಾನಳ ಮದುವೆಗೆಂದು ಎವುವಾ ದ್ವೀಪದಿಂದ ಬೆಳಗಿನ ಹಡಗಿನಲ್ಲಿ ರಾಜಧಾನಿಗೆ ಬಂದಿಳಿದಳು. ಕಂಕುಳಲ್ಲಿ ತೆಂಗಿನ ಹುರಿಯಿಂದ ಬಿಗಿದ ಒಂದು ಸುರುಳಿ. ಒಳಗೆ ಅವಳಜ್ಜಿ ಹೆಣೆದ, ಬಟ್ಟೆಯಷ್ಟು ಮೆತ್ತಗಿನ ಚಾಪೆ. ಆ ಮನೆಯ ಮೂರು ತಲೆಮಾರಿನ ಮದುವಣಗಿತ್ತಿಯರ ಸೊಂಟಕ್ಕೆ ಸೋದರತ್ತೆಯೇ ಸುತ್ತಿದ ಚಾಪೆ ಅದು. ಅದಿಲ್ಲದೆ ಸುಲಿಯಾನ ಚರ್ಚಿನ ಮೆಟ್ಟಿಲು ಹತ್ತುವಂತಿರಲಿಲ್ಲ. ಮದುವೆ ಮಧ್ಯಾಹ್ನ ಎರಡಕ್ಕೆ.

ತಮ್ಮನ ಮನೆಯಲ್ಲಿ ಹುರಿ ಬಿಚ್ಚಿದರೆ ಹೊರಬಂದದ್ದು ಅಂಚು ಹರಿದು ಜೋಲುವ ಒರಟು ಚಾಪೆ. ಸಾವಿನ ಮನೆಯಲ್ಲಿ ಕಿರಿಯ ನೆಂಟರು ಸುತ್ತಿಕೊಂಡು ಒಲೆಯ ಬಳಿ ದುಡಿಯುವಂಥದ್ದು.

ಸುಲಿಯಾನ ಇಣುಕಿದಳು. "ಅತ್ತೆ, ಇದು ನನ್ನ ಮದುವೇನೋ, ಮಣ್ಣೋ?"

"ಬಾಯಲ್ಲಿ ಒಳ್ಳೇದು ಬರಲಿ ಕಣೇ!"

ಲೋಸಲೀನ ಒರಟು ಚಾಪೆಯನ್ನು ಮತ್ತೆ ಸುರುಳಿ ಸುತ್ತಿದಳು. ಹಡಗಿನಲ್ಲಿ ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡ ಮಾಫಿ ನೆನಪಾದಳು. ಅವಳ ಹತ್ತಿರವೂ ಇಂಥದ್ದೇ ಸುರುಳಿ. ದೊಡ್ಡಪ್ಪ ತೀರಿಕೊಂಡನೆಂದು ಬಂದರಿನಾಚೆಯ ಮೋತುಲಾವ ದ್ವೀಪಕ್ಕೆ ಹೊರಟವಳು.

ಅದನ್ನು ಹೊತ್ತು ಅವಳು ಬಂದರಿಗೆ ಓಡಿದಾಗ ದೋಣಿಯವ ಫತಾಯಿ ತನ್ನ ದೋಣಿಯಲ್ಲೇ ಕಾಲು ಚಾಚಿ ಮಲಗಿದ್ದ. ಸಂಗತಿ ಕೇಳಿ ಎದ್ದು ಕೂತ.

"ಲೋಸಕ್ಕ, ಎರಡು ಗಂಟೆಯೊಳಗೆ ವಾಪಸ್ ತಂದುಬಿಟ್ರೆ ನಂಗೇನು?"

"ಮದುವೆ ಊಟದ ಹಂದಿ ತಲೆ."

"ತೊಡೆ ಕೊಡಿ. ತಲೆ ನಂಗೇ ಇದೆ."

"ಇದ್ದಿದ್ರೆ ಇಷ್ಟೊತ್ತಿಗೆ ಇಂಜಿನ್ ಶುರುವಾಗಿರ್ತಿತ್ತು."

ದಾರಿಯಲ್ಲಿ ಸಿಕ್ಕ ಮೊದಲ ಮರಳುದಿಬ್ಬದ ಮೇಲೆ ಪರದೇಶದವರು ಸಾಲಾಗಿ ಬಿಸಿಲಿಗೆ ಬಿದ್ದುಕೊಂಡಿದ್ದರು. "ನೋಡಿ ಅಕ್ಕ, ಮೀನು ಒಣಗಿದ ಹಾಗೆ. ಅದಕ್ಕೆ ದುಡ್ಡು ಬೇರೆ ಕೊಡ್ತಾರೆ!" ಎಂದ ಫತಾಯಿ. ಲೋಸಲೀನ ನಗಲಿಲ್ಲ. ಅಜ್ಜಿಯ ಚಾಪೆ ಸಾವಿನ ಮನೆಯ ಹೊಗೆಯಲ್ಲಿ ಕಪ್ಪಾಗುವುದೇ ಅವಳ ಕಣ್ಣಿಗೆ ಕಟ್ಟಿತ್ತು.

ಮೋತುಲಾವದ ದಡದಲ್ಲಿ, ಮರದಡಿ, ಊರಿಗೆ ಬೆನ್ನು ಹಾಕಿ ಮಾಫಿ ಕೂತಿದ್ದಳು. ಮಡಿಲಲ್ಲಿ ಸುರುಳಿ. ಊರೊಳಗಿಂದ ಪ್ರಾರ್ಥನೆಯ ಹಾಡು ಕೇಳುತ್ತಿತ್ತು.

"ಅಕ್ಕಾ, ಬಂದ್ರಾ! ಇದನ್ನ ಕಟ್ಕೊಂಡು ಒಳಗೆ ಹೋದ್ರೆ ದೊಡ್ಡಪ್ಪ ಎದ್ದು ಕೂತು ಬೈತಿದ್ದ."

"ಅಂದ್ರೆ ಕಟ್ಕೊಂಡಿಲ್ಲ?"

"ಮುಟ್ಟೋಕೇ ಭಯ ಆಯ್ತು. ಬೆಳಗಿಂದ ಹೊಟ್ಟೇಲೂ ಏನಿಲ್ಲ, ಸೊಂಟದಲ್ಲೂ ಏನಿಲ್ಲ."

ಗಂಟೆ ಆಗಲೇ ಒಂದಾಗಿತ್ತು. ಲೋಸಲೀನ ಒರಟು ಚಾಪೆ ಮಾಫಿಗೆ ಕೊಟ್ಟು, ಅಜ್ಜಿಯ ಚಾಪೆ ಎತ್ತಿಕೊಂಡು ದೋಣಿಯತ್ತ ನಾಲ್ಕು ಹೆಜ್ಜೆ ಇಟ್ಟಳು, ತಿರುಗಿ ನೋಡಿದಳು. ಆ ದೊಡ್ಡ ಒರಟು ಚಾಪೆಯನ್ನು ಮಾಫಿ ಒಂದು ಬದಿ ಸುತ್ತಿಕೊಂಡರೆ ಇನ್ನೊಂದು ಬದಿ ಜಾರಿ ಬೀಳುತ್ತಿತ್ತು.

"ಅಕ್ಕ, ಹೊತ್ತಾಯ್ತು!" ಎಂದು ಫತಾಯಿ ಕೂಗಿದ.

"ಕೂಗ್ಬೇಡ, ಸಾವಿನ ಮನೆ ಹತ್ರ ಇದೆ," ಎನ್ನುತ್ತ ಲೋಸಲೀನ ಹಿಂದಕ್ಕೆ ಬಂದು, ಮದುಮಗಳಿಗೆ ಕಟ್ಟುವಷ್ಟೇ ನಾಜೂಕಾಗಿ ಮಾಫಿಗೆ ಕಟ್ಟಿದಳು. ತಡವಾಗಿ ಒಳಗೆ ಹೋಗಲು ಅವಳು ಅಳುಕಿದಾಗ, ಕೈ ಹಿಡಿದು ಅಡುಗೆಯವರ ಅಂಗಳದವರೆಗೂ ಬಿಟ್ಟು ಬಂದಳು.

ದೋಣಿ ಬಂದರು ಮುಟ್ಟುವಾಗ ಎರಡೂಕಾಲು ಮೀರಿತ್ತು. ಅಲೆ ಹೊಡೆದು ಇಬ್ಬರೂ ತೊಯ್ದಿದ್ದರು, ಚಾಪೆಯೂ. ಚರ್ಚಿನ ಮುಂದೆ ಮದುಮಗಳ ಕಾರು ಊರನ್ನು ಐದನೆಯ ಸಲ ಸುತ್ತಿ ಬಂದು ನಿಂತಿತ್ತು.

"ಅತ್ತೆ, ಇನ್ನೊಂದು ಸುತ್ತಾಗಿದ್ರೆ ಪೆಟ್ರೋಲ್ ಖಾಲಿ!" ಎಂದಳು ಸುಲಿಯಾನ. ಚಾಪೆ ಸುತ್ತಿದೊಡನೆ ಕಿರುಚಿದಳು. "ಅಯ್ಯೋ, ತಣ್ಣಗಿದೆ!"

"ಒಳಗೆ ನಿನ್ನ ಗಂಡ ಕಾದು ಕಾದು ಬಿಸಿಯಾಗಿರ್ತಾನೆ, ಸರಿಹೋಗುತ್ತೆ. ನಡಿ."

ಮದುಮಗಳು ನಡೆದಲ್ಲೆಲ್ಲ ಉಪ್ಪುನೀರು ತೊಟ್ಟಿಕ್ಕಿತು. ತಡವಾದರೂ ಫತಾಯಿಗೆ ತೊಡೆಯೇ ಸಿಕ್ಕಿತು.

ಸುರುಳಿ ಅದಲುಬದಲಾದದ್ದು ಯಾರ ಕೈಯಿಂದ? ವಾಂತಿಯ ಭರದಲ್ಲಿ ಮಾಫಿಯೇ ತಪ್ಪಾಗಿ ಎತ್ತಿಕೊಂಡಳು ಎನ್ನುತ್ತಾಳೆ ಲೋಸಲೀನ. ದೊಡ್ಡ ಅಲೆ ಬಂದಾಗ ಎರಡನ್ನೂ ಮಡಿಲಿಗೆಳೆದುಕೊಂಡವಳು ಲೋಸಕ್ಕನೇ ಎನ್ನುತ್ತಾಳೆ ಮಾಫಿ. ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದ್ದಾಯಿತು. ನಿಜ ಯಾವುದೋ ನನಗೆ ಗೊತ್ತಿಲ್ಲ.