ಹೆಗಲ ಮೇಲಿಟ್ಟು ತೆಗೆದ ಫೋಟೊ

ಕೈ ನಡುಗಿಸಿ ಫೋಟೊ ಕೆಡಿಸಿಕೊಂಡು, ಕ್ಯಾಮೆರಾ ಸರಿಯಿಲ್ಲ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಜೂಮ್ ಎಳೆದಷ್ಟೂ ನಡುಕವೂ ದೊಡ್ಡದಾಗುತ್ತದೆ. ಮೊಣಕೈ ಪಕ್ಕೆಗೆ ಒತ್ತಿ, ಗೋಡೆಗೋ ಕಂಬಕ್ಕೋ ಆನಿಸಿ, ಉಸಿರು ಹಿಡಿದು ಗುಂಡಿ ಒತ್ತಬೇಕು. ಕೌಲ್ ಬಜಾರಿನ ನನ್ನ ಸ್ಟುಡಿಯೊಗೆ ಕಲಿಯಲು ಬಂದವರಿಗೆಲ್ಲ ಇದನ್ನೇ ಹೇಳಿ ಹೇಳಿ ಸಾಕಾಗಿದೆ.

ಕುರುಗೋಡಿನ ಅಂಜನಾ ತನ್ನ ಮದುವೆಗೆ ಮುಂಚೆ ಬಂದು ಒಂದೇ ಮಾತು ಹೇಳಿದ್ದಳು.

"ನದೀಮಣ್ಣ, ತಾಳಿ ಕಟ್ಟೋ ಫೋಟೊದಾಗ ಅಪ್ಪ ಇರಬೇಕ್ರಿ. ಉಳಿದದ್ದು ಹೆಂಗಾದ್ರೂ ಆಗ್ಲಿ."

ಹುಡುಗನನ್ನು ತಾನೇ ಮೆಚ್ಚಿಕೊಂಡಳೆಂದು ಅವಳ ಅಪ್ಪ ಕೊಟ್ರಬಸಪ್ಪನವರು ಅವಳೊಡನೆ ಮಾತು ಬಿಟ್ಟಿದ್ದರು.

ಮದುವೆ ಹುಡುಗನ ಊರಾದ ಸಿರುಗುಪ್ಪದಲ್ಲಿ. ಕೊಟ್ರಬಸಪ್ಪನವರು ಬಂದರು, ಬಂದು ಕೊನೆಯ ಸಾಲಿನ ಕುರ್ಚಿಗಳ ಹಿಂದೆ ನಿಂತುಬಿಟ್ಟರು. ವೇದಿಕೆಯ ಮೇಲೆ ಎಲ್ಲ ನಡೆಸಿದ್ದು ಹುಡುಗಿಯ ಚಿಕ್ಕಪ್ಪ. ಮುಹೂರ್ತ ಹತ್ತಿರವಾದಾಗ ನಾನೇ ಕರೆಯಲು ಹೋದೆ.

"ಮ್ಯಾಲೆ ಬರ್ರಿ, ಯಜಮಾನ್ರ. ಒಂದು ಫೋಟೊ."

"ನಾ ಉಂಡು ಹೋಗಾಕ ಬಂದೀನಿ. ನೀ ನಿನ್ನ ಕೆಲಸ ನೋಡ್ಕೊ."

ಅಷ್ಟರಲ್ಲಿ ಗಟ್ಟಿಮೇಳ ಶುರುವಾಯಿತು. ನೆಂಟರೆಲ್ಲ ಮೊಬೈಲ್ ಹಿಡಿದು ವೇದಿಕೆ ಹತ್ತಿದರು. ಇನ್ನು ಓಡಿಹೋದರೂ ನನಗೆ ಜಾಗವಿಲ್ಲ. ನಿಂತಲ್ಲಿಂದಲೇ ಅವರ ಸಂದಿಯಲ್ಲಿ ಹುಡುಗಿಯ ಮುಖ ಕಾಣುತ್ತಿತ್ತು. ಜೂಮ್ ಪೂರ್ತಿ ಎಳೆದೆ. ಆನಿಸಲು ಗೋಡೆಯಿಲ್ಲ, ಕಂಬವಿಲ್ಲ. ಎದುರಿಗಿದ್ದದ್ದು ಕೊಟ್ರಬಸಪ್ಪನವರ ಹೆಗಲು. ಕ್ಯಾಮೆರಾ ಅದರ ಮೇಲಿಟ್ಟೆ. ಜನ ಕಿಕ್ಕಿರಿದ ಮದುವೆಗಳಲ್ಲಿ ನಾವು ಹೀಗೆ ಯಾರದೋ ಹೆಗಲನ್ನೇ ಸ್ಟ್ಯಾಂಡ್ ಮಾಡಿಕೊಳ್ಳುತ್ತೇವೆ.

"ಅಳ್ಳಾಡಬ್ಯಾಡ್ರಿ. ಉಸಿರು ಹಿಡೀರಿ," ಎಂದೆ.

ಮದುಮಗ ಅಮರೇಶ್ ತಾಳಿ ಎತ್ತಿದ. ಪರದೆಯ ಮೇಲೆ ಅಂಜನಾಳ ಮುಖ ಕುಲುಕತೊಡಗಿತು. ನನ್ನ ಕೈಯೇ ಇರಬೇಕೆಂದು ಇನ್ನಷ್ಟು ಬಿಗಿಹಿಡಿದೆ, ನಿಲ್ಲಲಿಲ್ಲ. ತೆಗೆದವೆಲ್ಲ ಕೆಟ್ಟವು. ಸಿಟ್ಟಿನಿಂದ ತಲೆಯೆತ್ತಿದರೆ, ಕೊಟ್ರಬಸಪ್ಪನವರು ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದರು.

ಆಲ್ಬಮ್ಮಿಗೆ ಫೋಟೊ ಆರಿಸಲು ಬಂದ ಅಂಜನಾಳಿಗೆ ತಾಳಿ ಕಟ್ಟುವ ಫೋಟೊ ತೋರಿಸಲು ನನಗೆ ನಾಚಿಕೆಯಾಯಿತು. ತಾಳಿ ಎರಡೆರಡಾಗಿ ಕಾಣುತ್ತಿತ್ತು.

"ಅಪ್ಪ ಮ್ಯಾಲೆ ಬರಲಿಲ್ಲಮ್ಮ. ಇದೂ ಕೆಟ್ಟೈತಿ. ಅವರ ಹೆಗಲ ಮ್ಯಾಲೆ ಇಟ್ಟು ತೆಗದೆ, ಅವರು ಅಳಾಕತ್ತಿದ್ರು, ಹೆಗಲು ಕುಲುಕಾಕತ್ತಿತ್ತು."

ಅವಳು ಫೋಟೊದ ಹತ್ತಿರಕ್ಕೆ ಬಾಗಿದಳು. ಬೇಡವಾದರೆ ತೆಗೆದುಹಾಕುತ್ತೇನೆ ಎಂದೆ.

"ಬ್ಯಾಡ್ರಿ, ಇದನ್ನ ಎಲ್ಲಾಕಿಂತ ಮುಂದ ಹಾಕ್ರಿ," ಎಂದಳು. "ಅಪ್ಪ ಅದಾನಲ್ರಿ ಇದರಾಗ."