ಗಡಿಬಿಡಿ ಮೇಷ್ಟ್ರ ತಪ್ಪುಗಳು

ನನ್ನ ಗಂಟಲಿನ ವಿಷಯ ಮೊದಲೇ ಹೇಳಿಬಿಡುತ್ತೇನೆ, ಅಯ್ಯೋ ಪಾಪ ಅನ್ನುವುದು ಮಾತ್ರ ಬೇಡ. ಹತ್ತೊಂಬತ್ತು ವರ್ಷ ಐದನೇ ತರಗತಿಗೆ ಲೆಕ್ಕ ಕಲಿಸಿದವಳು ನಾನು. ನಾನು ಮಗ್ಗಿ ಹೇಳಿಸುವಾಗ ರಸ್ತೆಯಾಚೆಯ ಬ್ಯಾಂಕಿನವರು ಕಿಟಕಿ ಮುಚ್ಚುತ್ತಿದ್ದರು. ಕಳೆದ ವರ್ಷ ಆ ಗಂಟಲು ಕೈಕೊಟ್ಟಿತು. ಡಾಕ್ಟರು ಪರೀಕ್ಷೆ ಮಾಡಿ, "ಇನ್ನು ಕ್ಲಾಸಿನ ಆಸೆ ಬಿಟ್ಟುಬಿಡಿ" ಅಂದರು. ಈಗ ಉಳಿದಿರುವುದು ಪಿಸುಮಾತಿಗಿಂತ ಒಂದು ಚೂರು ಹೆಚ್ಚಿನ ದನಿ. ಸಿಟ್ಟು ಮಾತ್ರ ಇದ್ದ ಹಾಗೇ ಇದೆ.

ಹೆಡ್‌ಮಿಸ್ಸು ಕೆಟ್ಟವರಲ್ಲ. ಕರೆದು ಕೂರಿಸಿ, "ಆಫೀಸಲ್ಲಿ ದಾಖಲೆ ನೋಡ್ಕೊಳ್ಳೋ ಕೆಲಸ ಇದೆ. ಮಾತಾಡೋ ಅಗತ್ಯಾನೇ ಇಲ್ಲ. ಬರೋ ಶುಕ್ರವಾರ ಬಂದು ಹೇಳಿ" ಅಂದರು. ಮಾತಾಡೋ ಅಗತ್ಯಾನೇ ಇಲ್ಲವಂತೆ! ಪಕ್ಕದ ಕೋಣೆಯಲ್ಲಿ ಇನ್ಯಾರೋ ಪಾಠ ಮಾಡುತ್ತಿರಬೇಕು, ನಾನು ಬೀರುವಿನ ಮುಂದೆ ಕೂತು ಹಾಳೆ ಜೋಡಿಸುತ್ತಿರಬೇಕು.

ಅದನ್ನು ತಪ್ಪಿಸಿಕೊಳ್ಳಲು ಇದ್ದದ್ದು ಒಂದೇ ದಾರಿ, ಕಾಲೇಜಿಗೆ ಹೋಗುವ ಮಗಳು ಕಂಪ್ಯೂಟರಿನಲ್ಲಿ ಆಗಲೇ ತೆರೆದುಕೊಟ್ಟಿದ್ದ ಅಂಗಡಿ. ಟೀಚರುಗಳು ತಾವು ಮಾಡಿದ ಅಭ್ಯಾಸದ ಹಾಳೆಗಳನ್ನು ಅಲ್ಲಿ ಮಾರಾಟಕ್ಕಿಡುತ್ತಾರೆ, ಬೇರೆ ಊರಿನ ಟೀಚರುಗಳು ಕೊಂಡು, ಪ್ರಿಂಟು ತೆಗೆದು ಮಕ್ಕಳಿಗೆ ಹಂಚುತ್ತಾರೆ. ನನ್ನ ಹಾಳೆ ಕ್ಲಾಸಿನೊಳಗೆ ಹೋದರೆ ನಾನೂ ಹೋದ ಹಾಗೆಯೇ ಅಂತ ನನ್ನ ಲೆಕ್ಕಾಚಾರ. ಅದುವರೆಗಿನ ಮೂರು ತಿಂಗಳಲ್ಲಿ ಹನ್ನೊಂದು ಹಾಳೆ ಇಟ್ಟಿದ್ದೆ. ಕೊಂಡವರು ಇಬ್ಬರು. ಒಬ್ಬಳು ನನ್ನ ತಂಗಿ. ಇನ್ನೊಬ್ಬರು ಕೈತಪ್ಪಿ ಒತ್ತಿದೆ ಅಂತ ವಾಪಸ್ ಮಾಡಿದರು.

ಹೊಸದೇನು ಮಾಡಲಿ ಅಂತ ತಲೆ ಕೆರೆದುಕೊಂಡದ್ದೇ ಬಂತು. ಬೇರೆಯವರ ಅಂಗಡಿ ನೋಡಿ ನಾನೂ ಚಿಟ್ಟೆ ಹಾಕಿದೆ, ಬಳ್ಳಿ ಹಾಕಿದೆ, ನಗುವ ಪೆನ್ಸಿಲ್ ಹಾಕಿದೆ. ನಮ್ಮೆಜಮಾನರು ಮುದ್ರಣಾಲಯದಲ್ಲಿ ಕಾಗದ ಕತ್ತರಿಸುವವರು, ಹಾಳೆ ಕಂಡರೆ ಎರಡು ಮಾತು ಆಡದೆ ಬಿಡುವವರಲ್ಲ.

"ಏನೇ ಇದು, ಮದುವೆ ಕಾಗದ ಇದ್ದಂಗಿದೆ? ಹುಡುಗಿ ಯಾರು, ಹುಡುಗ ಯಾರು?"

"ನಿಮ್ಮ ತಲೆ!" ಅಂದೆ. ಪಿಸುಮಾತಿನಲ್ಲಿ ಬೈದರೆ ಬೈದ ಸುಖವೇ ಸಿಗುವುದಿಲ್ಲ.

ಸೋಮವಾರ ಹನ್ನೆರಡನೇ ಹಾಳೆ ಇಟ್ಟೆ, ಭಿನ್ನರಾಶಿಯ ಮೇಲೆ. ಮಂಗಳವಾರ ಮಧ್ಯಾಹ್ನ ಅದನ್ನು ಕೊಂಡಿದ್ದ ಟೀಚರೊಬ್ಬರ ಸಂದೇಶ ಬಂತು: "ನಿಮ್ಮ ಹಾಳೆಯಲ್ಲಿ ಮೇಲೆ ಬಿಡಿಸಿ ತೋರಿಸಿರುವ ಲೆಕ್ಕವೇ ತಪ್ಪಾಗಿದೆ."

ತೆಗೆದು ನೋಡಿದೆ. ಎರಡರಲ್ಲೊಂದು ಭಾಗಕ್ಕೆ ಮೂರರಲ್ಲೊಂದು ಭಾಗ ಕೂಡಿಸಿ, ಉತ್ತರ ಐದರಲ್ಲೆರಡು ಅಂತ ಹಾಕಿದ್ದೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿಬಿಡುವುದು ಐದನೇ ತರಗತಿಯ ಮಕ್ಕಳು ಮಾಡುವ ತಪ್ಪು. ಹತ್ತೊಂಬತ್ತು ವರ್ಷ ಅದಕ್ಕೆ ಕೆಂಪು ಗೀಟು ಎಳೆದೂ ಎಳೆದೂ, ಕೊನೆಗೆ ನನ್ನ ಬೆರಳೇ ಅದನ್ನು ಕಲಿತುಬಿಟ್ಟಿತ್ತು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಲೆಕ್ಕದ ಟೀಚರಂತೆ ನಾನು! ಅಂಗಡಿ ಮುಚ್ಚಿಬಿಡು ಅಂತ ಮಗಳಿಗೆ ಹೇಳಿ ಅಡುಗೆಮನೆಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ.

ಮಗಳು ಫೋನು ಹಿಡಿದುಕೊಂಡು ಅಲ್ಲಿಗೇ ಬಂದಳು. "ಅಮ್ಮಾ, ಪೂರ್ತಿ ಓದಿದ್ಯಾ ನೀನು?"

"ಓದೋದೇನಿದೆ, ಮಾನ ಹೋಗಿದೆ."

"ಕೇಳಿಲ್ಲಿ. 'ನಾನು ನೋಡದೆ ಹಂಚಿಬಿಟ್ಟೆ. ಬಾಯೇ ಬಿಡದ ಒಂದು ಹುಡುಗಿ ಎದ್ದು ನಿಂತು ಇದು ತಪ್ಪು ಅಂದಳು. ಅರ್ಧ ಕ್ಲಾಸು ಸರಿ ಅಂತ, ಅರ್ಧ ಕ್ಲಾಸು ತಪ್ಪು ಅಂತ. ಗಂಟೆ ಹೊಡೆದರೂ ಒಬ್ಬರೂ ಏಳಲಿಲ್ಲ. ಇಂಥ ತಪ್ಪಿರುವ ಹಾಳೆ ಇನ್ನೂ ಇದೆಯಾ?'"

"ವ್ಯಂಗ್ಯ ಮಾಡ್ತಿದ್ದಾರೆ ಕಣೇ."

"ಇಲ್ಲಮ್ಮ, ನಿಜವಾಗ್ಲೂ ಕೇಳ್ತಿದ್ದಾರೆ!"

ಕೈಯಲ್ಲಿದ್ದ ಸೌಟು ಅಲ್ಲೇ ಬಿಟ್ಟೆ. ತಪ್ಪು ಇದೆಯಾ ಅಂತ ನನ್ನನ್ನು ಕೇಳುತ್ತಾರಲ್ಲ! ನನ್ನ ತಲೆಯೊಳಗೆ ತಪ್ಪುಗಳ ಉಗ್ರಾಣವೇ ಇತ್ತು. ಇಷ್ಟು ದಿನ ಚಿಟ್ಟೆ ಬಿಡಿಸುತ್ತಾ ಕೂತಿದ್ದೆನಲ್ಲ, ಎಂಥ ಪೆದ್ದಿ ನಾನು!

ಬುಧವಾರ ಬೆಳಿಗ್ಗೆ ಊಟದ ಮೇಜಿನ ಮುಂದೆ ಕೂತವಳು ಸಂಜೆಯವರೆಗೆ ಏಳಲಿಲ್ಲ. ಒಬ್ಬ ಗಡಿಬಿಡಿ ಮೇಷ್ಟ್ರನ್ನು ಹುಟ್ಟಿಸಿದೆ. ಅವರಿಗೆ ಸದಾ ಅವಸರ, ಬಿಡಿಸಿದ್ದನ್ನು ತಿರುಗಿ ನೋಡುವವರಲ್ಲ. ನಾನೂರ ಎರಡರಲ್ಲಿ ನೂರ ಎಪ್ಪತ್ತೆಂಟು ಕಳೆದು ಮುನ್ನೂರ ಎಪ್ಪತ್ತಾರು ಅನ್ನುತ್ತಾರೆ, ಯಾಕೆಂದರೆ ಮೇಲಿರಲಿ ಕೆಳಗಿರಲಿ, ದೊಡ್ಡ ಅಂಕಿಯಲ್ಲಿ ಚಿಕ್ಕದು ಕಳೆಯುವುದೇ ಅವರ ಅಭ್ಯಾಸ. ಐದಕ್ಕಿಂತ ಹನ್ನೆರಡು ದೊಡ್ಡದಾದ್ದರಿಂದ 3.5ಕ್ಕಿಂತ 3.12 ದೊಡ್ಡದು ಅನ್ನುತ್ತಾರೆ. ಕೆಂಪು ಪೆನ್ನು ಮಕ್ಕಳ ಕೈಗೆ. ಎಲ್ಲಿ ಎಡವಿದರು, ಯಾಕೆ ಎಡವಿದರು ಅಂತ ಮಕ್ಕಳು ಬರೆದು, ಮೇಷ್ಟ್ರಿಗೇ ಅಂಕ ಕೊಡಬೇಕು.

ಬರೆಯುತ್ತಾ ಬರೆಯುತ್ತಾ ನನಗೇ ನಗು. ಒಂದೊಂದು ತಪ್ಪಿನ ಹಿಂದೆಯೂ ಒಂದೊಂದು ಮುಖ ನೆನಪಾಗುತ್ತಿತ್ತು. ಅವತ್ತು ಗದರಿದ್ದಕ್ಕೆ ಈಗ ಸಂಕಟವೂ ಆಯಿತು, ಸುಳ್ಳು ಹೇಳುವುದಿಲ್ಲ.

ಯಜಮಾನರು ಬಂದವರೇ ಹಾಳೆ ಎತ್ತಿಕೊಂಡರು. ನಾನು ಜಗಳಕ್ಕೆ ಸಿದ್ಧವಾದೆ.

"ಜಾಗ ಸಾಲದು. ಯಾಕೆ ತಪ್ಪು ಅಂತ ಬರೀಬೇಕಲ್ಲ ಮಕ್ಕಳು? ಬಲಗಡೆ ನಾಲ್ಕು ಬೆರಳು ಬಿಡು" ಅಂದರು. ಆಮೇಲೆ ಮೆಲ್ಲಗೆ, "ಇದು ನಿನ್ನ ಹಾಗೇ ಇದೆ ಕಣೇ" ಅಂದರು. ಅವರು ಹಾಗೆ ಹೊಗಳುವುದು ಅಪರೂಪ. ನಾಲ್ಕು ಬೆರಳು ಬಿಟ್ಟೆ.

ಗುರುವಾರ ಬೆಳಿಗ್ಗೆ ಎಂಟು ಹಾಳೆ ಅಂಗಡಿಗೆ ಹೋದವು. ತಪ್ಪಿರುವ ಹಾಳೆ ಕೇಳಿದ್ದ ಆ ಪುಣ್ಯಾತ್ಗಿತ್ತಿ ಟೀಚರು ತಮಗೆ ಗೊತ್ತಿರುವ ಟೀಚರುಗಳ ಗುಂಪಿಗೆಲ್ಲ ಅಂಗಡಿಯ ಲಿಂಕು ಹಂಚಿದರಂತೆ. ಮಧ್ಯಾಹ್ನದ ಹೊತ್ತಿಗೆ ಮಾರಾಟದ ಸಂದೇಶ ಬಂದೂ ಬಂದೂ ಫೋನಿಗೆ ಉಸಿರಾಡಲು ಪುರುಸೊತ್ತಿಲ್ಲ. ಮಗಳು ಒಂದೊಂದು ಸದ್ದಿಗೂ ಕುಣಿದಳು. ನಾನು ಕುಣಿಯಲಿಲ್ಲ, ಶುಕ್ರವಾರ ಇನ್ನೂ ಬಾಕಿಯಿತ್ತಲ್ಲ. ಒಂದು ದಿನದ ಸಡಗರ ನಂಬಿಕೊಂಡು ಕೈಗೆ ಬಂದ ಕೆಲಸ ಬಿಡುವುದೇ?

ಅದೇ ಅಳುಕಿನಲ್ಲಿ ಶುಕ್ರವಾರ ಶಾಲೆಗೆ ಹೋದೆ. ಹೆಡ್‌ಮಿಸ್ಸು ಒಪ್ಪಿಗೆ ಪತ್ರ ಮುಂದಿಟ್ಟು ಪೆನ್ನು ಕೊಟ್ಟರು. ಅಷ್ಟರಲ್ಲಿ ಮೊಗಸಾಲೆಯ ಕೊನೆಯಿಂದ ಭಾರಿ ಗದ್ದಲ. "ಐದನೇ ಕ್ಲಾಸು! ಹೊಸ ಟೀಚರಿಗೆ ಹಿಡಿತವೇ ಇಲ್ಲ" ಅಂತ ಹೆಡ್‌ಮಿಸ್ಸು ದಡದಡ ನಡೆದರು. ನಾನೂ ಹಿಂದೆಯೇ ಹೋದೆ.

ಹೊಸ ಟೀಚರು ಮೂಲೆಯಲ್ಲಿ ನಗುತ್ತಾ ನಿಂತಿದ್ದಳು. ಮಕ್ಕಳು ಬೆಂಚು ಬಿಟ್ಟು ಗುಂಪುಗುಂಪಾಗಿ ಕೆಂಪು ಪೆನ್ನು ಹಿಡಿದು ವಾದ ಮಾಡುತ್ತಿದ್ದರು. "ಸೊನ್ನೆ ಹತ್ರ ಸಾಲ ತಗೊಳ್ಳೋಕೆ ಅದರತ್ರ ಏನೋ ಇದೆ?" "ಪಕ್ಕದ ಮನೇಲಿ ತರ್ಬೇಕು, ಪೆದ್ದ!" ಬಲಗಡೆ ನಾಲ್ಕು ಬೆರಳಿನ ಜಾಗ ಬಿಟ್ಟ ಹಾಳೆಗಳು.

"ನಿನ್ನೆ ನಮ್ಮ ಗುಂಪಿನಲ್ಲಿ ಬಂತು ಮೇಡಂ. ಯಾರು ಮಾಡಿದ್ದೋ ಗೊತ್ತಿಲ್ಲ, ಈ ಮಕ್ಕಳನ್ನ ಚೆನ್ನಾಗಿ ಬಲ್ಲವರೇ ಇರಬೇಕು" ಅಂದಳು ಹೊಸ ಟೀಚರು. ನನಗೆ ಕಣ್ಣು ತುಂಬಿ ಬಂತು.

ಒಂದು ಪುಟ್ಟ ಹುಡುಗಿ ನನ್ನ ಸೆರಗು ಜಗ್ಗಿದಳು. "ಮಿಸ್, ಈ ಗಡಿಬಿಡಿ ಮೇಷ್ಟ್ರಿಗೆ ಸೊನ್ನೆ ಕೊಡ್ಲಾ?"

ಬಗ್ಗಿ ಅವಳ ಹಾಳೆ ನೋಡಿದೆ. "ಯಾಕೆ ತಪ್ಪು ಅಂತ ಬರ್ದಿಲ್ವಲ್ಲ. ಕಾರಣ ಹೇಳದೆ ಸೊನ್ನೆ ಕೊಟ್ರೆ ಅವರು ಕಲಿಯೋದು ಹೇಗೆ?"

ನನ್ನ ದನಿ ಕೇಳಬೇಕೆಂದು ಸುತ್ತಲಿದ್ದ ಐದಾರು ತಲೆಗಳು ಹತ್ತಿರ ಬಂದವು. ಆ ಹುಡುಗಿ ಅಲ್ಲೇ ನೆಲದ ಮೇಲೆ ಕೂತು ಬರೆಯತೊಡಗಿದಳು.

ಬಾಗಿಲಲ್ಲಿ ಹೆಡ್‌ಮಿಸ್ಸು ಪತ್ರ ಹಿಡಿದುಕೊಂಡು ಕಾಯುತ್ತಿದ್ದರು. "ಸಹಿ ಒಂದು ಹಾಕಿಬಿಡಿ."

"ಆಫೀಸಿಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಮೇಡಂ," ಅಂದೆ. "ನನಗೆ ಪಾಠ ಇದೆ."